ಬಾಣಲೆ ಇಟ್ಟ ಕೈ

"ಇದೇನ್ರೀ ಮೇಷ್ಟ್ರೇ, ಅರ್ಧಕ್ಕೇ ಬಿಟ್ಟ ಕರಿಗಡುಬಾ?"

ಕಣಕಟ್ಟೆ ಹೈಸ್ಕೂಲಿನ ಸ್ಟಾಫ್‌ರೂಮಿನಲ್ಲಿ ಶ್ಯಾಮಲಾ ಭೀಮರಾಜನೊಡನೆ ಆಡಿದ ಮೊದಲ ಮಾತು ಅದು. ಹೊಸದಾಗಿ ಬಂದ ಗಣಿತದ ಮೇಷ್ಟ್ರು ತನ್ನ ಟಿಫಿನ್ ಬಾಕ್ಸನ್ನು ಅವಳತ್ತ ಸರಿಸಿದ್ದ. ಒಳಗೆ ಆರು ಪುಟ್ಟ ಕಡುಬುಗಳು. ಮೇಲೆಲ್ಲ ಬಿಳಿ, ತಳ ಮಾತ್ರ ಕೆಂಪು.

"ಚೀನಾದವರ ಕಡುಬು ಮೇಡಂ. ಕಲ್ಕತ್ತಾದಲ್ಲಿ ಓದುವಾಗ ನಾನಿದ್ದ ಮನೆಯ ಚೀನೀ ಅಜ್ಜಿ ಕಲಿಸಿದ್ದು. ತಗೊಳಿ."

"ಬೇಡ. ವರ್ಷ ತುಂಬೋವರೆಗೂ ನಮ್ಮನೇಲಿ ಬಾಂಡ್ಲಿ ಇಡೋ ಹಾಗಿಲ್ಲ. ಕರಿದಿದ್ದು ನಾನು ತಿನ್ನಲ್ಲ."

ಯಾರ ವರ್ಷ ಎಂದು ಅವನು ಕೇಳಲಿಲ್ಲ. "ಇದು ಕರಿದಿದ್ದಲ್ಲ, ಬೇಯಿಸಿದ್ದು" ಎಂದ.

"ತಳ?"

"ತಳ ಸ್ವಲ್ಪ ಸುಳ್ಳು ಹೇಳುತ್ತೆ. ಇರಲಿ, ವರ್ಷ ತುಂಬಲಿ. ನಾನೇ ಕಲಿಸ್ತೀನಿ."

ಅವಳಿಗೆ ನಗು ಬಂದದ್ದು ಸಂಜೆ, ಅರಸೀಕೆರೆಗೆ ಮರಳುವ ಬಸ್ಸಿನಲ್ಲಿ. ತನ್ನನ್ನೇ ನೋಡಿ ನಕ್ಕಳೆಂದುಕೊಂಡು ಕಂಡಕ್ಟರ್ ಕ್ರಾಪು ಸರಿಮಾಡಿಕೊಂಡ.

ಗಂಡ ರಂಗನಾಥ ಬೈಕಿನಿಂದ ಬಿದ್ದು ತೀರಿಕೊಂಡಂದಿನಿಂದ ಆ ಮನೆಯ ಬಾಣಲೆ ಅಟ್ಟದ ಮೇಲೆ ಬೋರಲು ಬಿದ್ದಿತ್ತು. ಯುಗಾದಿಗೆ ವಡೆಯಿಲ್ಲ, ಗೌರಿ ಹಬ್ಬಕ್ಕೆ ಕಡುಬಿಲ್ಲ. ವರ್ಷ ತುಂಬಿದ ಮೇಲೆ ಮುತ್ತೈದೆಯೊಬ್ಬಳು ಬಂದು ಮೊದಲ ಬಾಣಲೆ ಇಡಬೇಕು. ಆಮೇಲೆ ಮನೆ ಮೊದಲಿನಂತೆ.

ಮೊನ್ನೆ ವರ್ಷದ ಎಡೆ ಮುಗಿಯಿತು. ಇಂದು ಭಾನುವಾರ. ಅತ್ತೆ ಕೆಂಪಲಕ್ಷ್ಮಮ್ಮ ತಮ್ಮ ತಂಗಿ ದೇವೀರಮ್ಮನನ್ನು ಕರೆತರಲು ಬೆಳಿಗ್ಗೆಯೇ ಬೇಲೂರಿನ ಬಸ್ಸು ಹತ್ತಿದ್ದರು.

"ನೀನು ಹೂರಣ ತುಂಬಿಕೊಡು ಸಾಕು ಕಣವ್ವ. ಬಾಂಡ್ಲಿ ದೇವೀರಿ ಇಡ್ತಾಳೆ. ನಿನ್ನ ಕೈ ಬ್ಯಾಡ" ಎಂದು ಹೋಗುವಾಗ ಮೆತ್ತಗೆ ಹೇಳಿದ್ದರು.

ಮೆತ್ತಗೆ ಹೇಳಿದ್ದರಿಂದಲೇ ಅದು ಆಳಕ್ಕೆ ಇಳಿಯಿತು. ಮನೆ ಮೊದಲಿನಂತಾಗುತ್ತದೆ. ಅವಳ ಕೈ ಮಾತ್ರ ಸಾಯುವತನಕ ಆ ವರ್ಷದೊಳಗೇ ಉಳಿಯುತ್ತದೆ.

ಶ್ಯಾಮಲಾ ಚಪ್ಪಲಿ ಮೆಟ್ಟಿ ಎಸ್.ಟಿ.ಡಿ. ಬೂತಿಗೆ ನಡೆದಳು.

"ಕಲಿಸ್ತೀನಿ ಅಂದಿದ್ರಲ್ಲ. ಈಗಲೇ ಬನ್ನಿ."

ಅವನು ಬಂದದ್ದು ಹಿತ್ತಲ ಬಾಗಿಲಿನಿಂದ. ಕೈಚೀಲದಲ್ಲಿ ಎಲೆಕೋಸು, ಶುಂಠಿ, ಈರುಳ್ಳಿ ಸೊಪ್ಪು, ಒಂದು ಬಾಟಲಿ ಸೋಯಾ ಸಾಸ್.

"ಮೈದಾಕ್ಕೆ ಕುದಿನೀರಾ?"

"ಹೂಂ. ಕುದಿನೀರು ಬಿದ್ದರೇನೇ ಹಿಟ್ಟಿನ ಹಟ ಇಳಿಯೋದು."

"ನನ್ನ ಹಟ?"

"ಅದಿರಲಿ. ಬೇಕಾಗುತ್ತೆ."

ಹಿಟ್ಟನ್ನು ಒದ್ದೆ ಬಟ್ಟೆಯಡಿ ಮಲಗಿಸಿದರು. ಸಣ್ಣಗೆ ಹೆಚ್ಚಿದ ಕೋಸಿಗೆ ಉಪ್ಪು ಸವರಿಟ್ಟು, ಅದು ಬಿಟ್ಟ ನೀರನ್ನೆಲ್ಲ ಹಿಂಡಿ ತೆಗೆದರು. ಅವನು ಅಂಚು ತೆಳ್ಳಗೆ, ನಡು ದಪ್ಪಗೆ ಲಟ್ಟಿಸಿಕೊಟ್ಟ. ಅವಳು ಕೋಸು ತುಂಬಿ ಮಡಿಸಿದಳು.

"ಒಂದೇ ಕಡೆ ನೆರಿಗೆ ಹಿಡೀರಿ. ಇನ್ನೊಂದು ಕಡೆ ಸುಮ್ಮನಿರಬೇಕು."

"ಸೀರೆ ಉಡೋರಿಗೆ ನೆರಿಗೆ ಹೇಳಿಕೊಡ್ತೀರಾ?"

ಅವಳ ಬೆರಳು ಸರಸರನೆ ಏಳು ನೆರಿಗೆ ಹಿಡಿಯಿತು. ಅವನ ನೋಟ ಬೆರಳಿನಿಂದ ಮೊಣಕೈಗೆ ಮೆತ್ತಿದ್ದ ಹಿಟ್ಟಿನವರೆಗೂ ಏರಿ, ಮುಂದಕ್ಕೆ ಅಪ್ಪಣೆಯಿಲ್ಲವೆಂಬಂತೆ ಅಲ್ಲೇ ನಿಂತಿತು.

"ಮೇಷ್ಟ್ರೇ, ಕೋಸು ಇಲ್ಲಿದೆ."

"ಗೊತ್ತು."

"ನೋಡ್ತಿರೋದು ಎಲ್ಲಿ?"

ಅವನ ಕಿವಿ ಕೆಂಪಾಯಿತು. ಅವಸರದಲ್ಲಿ ಗೋಡೆಗೆ ಒರಗಿಸಿದ್ದ ದೋಸೆ ಕಾವಲಿಯನ್ನು ಎತ್ತಿಕೊಂಡ. "ಇದಕ್ಕೆ ಸಪಾಟು ತಳವೇ ಬೇಕು. ಒಳ್ಳೇದೇ ಆಯ್ತು ಬಿಡಿ. ಕಾವಲೀಲಿ ಮಾಡಿದ್ರೆ ಬಾಂಡ್ಲಿ ಇಟ್ಟ ಹಾಗೂ ಆಗಲ್ಲ, ನಿಯಮ ಮುರಿದ ಹಾಗೂ ಆಗಲ್ಲ."

ಶ್ಯಾಮಲಾ ಕಾವಲಿಯನ್ನು ಅವನ ಕೈಯಿಂದ ತೆಗೆದು ಕೆಳಗಿಟ್ಟಳು. ಸ್ಟೂಲು ಹತ್ತಿ ಅಟ್ಟದಿಂದ ಬಾಣಲೆ ಇಳಿಸಿದಳು. ಒಳಗೆ ಜೇಡರ ಬಲೆ. ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಳು.

"ಮೇಡಂ, ಗುಂಡು ತಳದಲ್ಲಿ ಎಲ್ಲಾ ನಡುವಿಗೆ ಜಾರ್ತವೆ. ಅಂಟಿಕೊಳ್ತವೆ."

"ಅಂಟಿಕೊಳ್ಳಲಿ."

ಒಲೆ ಹೊತ್ತಿಸಿ, ತನ್ನ ಎರಡೂ ಕೈಯಿಂದ ಬಾಣಲೆ ಇಟ್ಟಳು. ಕಡಲೆಕಾಯಿ ಎಣ್ಣೆ ಕಾಯಿತು. ಕಡುಬುಗಳು ಒಂದರ ಮೇಲೊಂದು ಜಾರಿ ಕೂತು, ತಳ ಕೆಂಪಾದ ವಾಸನೆ ಬಂತು. ಅವಳು ಅರ್ಧ ಲೋಟ ನೀರು ಸುರಿದಳು.

ಚೊಂಯ್! ಬೀದಿಗೆಲ್ಲ ಕೇಳುವಂಥ ಸದ್ದು. ಅವನು ತಟ್ಟನೆ ತಟ್ಟೆ ಮುಚ್ಚಿದ.

"ನೀರಿನ ಸದ್ದು ಮುಗಿದು ಮತ್ತೆ ಎಣ್ಣೆಯ ಸದ್ದು ಬರೋವರೆಗೂ ತೆಗೀಬಾರದು" ಎಂದು ತಗ್ಗಿದ ದನಿಯಲ್ಲಿ ಹೇಳಿದ. "ನಾನೂ ಹಾಗೇ ಕಾಯ್ತಿದ್ದೆ."

"ಏನನ್ನ?"

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಅಕ್ಕತಂಗಿಯರ ಮಾತು ಅಂಗಳಕ್ಕೆ ಬಂತು. ಭೀಮರಾಜ ಕೈ ಒರೆಸಿಕೊಂಡು ಹಿತ್ತಲಿನತ್ತ ತಿರುಗಿದ.

"ನಿಲ್ಲಿ" ಎಂದಳು ಶ್ಯಾಮಲಾ. "ಹೋಗೋದಾದ್ರೆ ಮುಂದಿನ ಬಾಗಿಲಿಂದ ಹೋಗಿ. ಇಲ್ಲ ಅಂದ್ರೆ ಕೂತ್ಕೊಳಿ."

ಅವನು ಅವಳ ಮುಖವನ್ನೊಮ್ಮೆ ನೋಡಿ, ಅಡುಗೆಮನೆಯ ನಡುವೆಯೇ ಮಣೆ ಎಳೆದು ಕೂತ.

ದೇವೀರಮ್ಮ ಹೊಸ್ತಿಲಲ್ಲೇ ನಿಂತರು. "ಯಾರೇ ಬಾಂಡ್ಲಿ ಇಟ್ಟೋರು?"

"ನಾನು ಚಿಕ್ಕತ್ತೆ."

"ಅಯ್ಯೋ ನನ್ ತಾಯೇ! ಇಳಿಸು, ಇಳಿಸು. ಇನ್ನೊಂದ್ ಸಲ ನಾನಿಡ್ತೀನಿ."

"ಇಳಿಸಲ್ಲ. ಇಟ್ಟಾಯ್ತು."

"ಯಾರು ಈವಯ್ಯ?"

"ಬೇಕಾದವರು."

"ಯಾರ್ಗೆ ಬೇಕಾದೋರು?"

"ನನಗೆ."

ಮಣೆಯ ಮೇಲೆ ಕೂತಿದ್ದವನು ತಲೆಯೆತ್ತಿದ. ಅವನು ತಿಂಗಳುಗಟ್ಟಲೆ ಶಾಲೆಗೆ ಹೋಗಿಬರುವ ಬಸ್ಸಿನಲ್ಲಿ ಮನಸ್ಸಿನಲ್ಲೇ ಕೂಡಿ ಕಳೆದು ಹೇಳಲಾರದೆ ಉಳಿಸಿಕೊಂಡದ್ದನ್ನು ಅವಳು ಒಂದೇ ಪದದಲ್ಲಿ ಹೇಳಿ ಮುಗಿಸಿದ್ದಳು. ಕೆಂಪಲಕ್ಷ್ಮಮ್ಮ ತಂಗಿಯನ್ನು ದಾಟಿ ಒಳಬಂದರು. ಸೊಸೆಯನ್ನು ನೋಡಿದರು, ಬಾಣಲೆಯನ್ನು ನೋಡಿದರು.

"ತಳ ಸೀಯ್ತಾ ಐತೆ, ಉರಿ ತಗ್ಸು" ಎಂದಷ್ಟೇ ಅಂದು, ಕಾಲು ತೊಳೆಯಲು ಬಚ್ಚಲಿಗೆ ಹೋದರು.

ಶ್ಯಾಮಲಾ ಉರಿ ತಗ್ಗಿಸಿ ತಟ್ಟೆ ತೆಗೆದಳು. ಹನ್ನೆರಡೂ ಕಡುಬು ಒಂದೇ ಮುದ್ದೆಯಾಗಿ, ಕೆಂಪಗೆ ಅಂಟಿ ಕೂತಿದ್ದವು. ಭೀಮರಾಜ ಎದ್ದು ಬಂದು ಸೌಟು ತೂರಿಸಿ ಒಂದನ್ನು ಎಬ್ಬಿಸಲು ನೋಡಿದ.

ಅವಳು ಅವನ ಮಣಿಕಟ್ಟು ಹಿಡಿದಳು. ದೇವೀರಮ್ಮ ನೋಡುತ್ತಲೇ ಇದ್ದರು. ಅವಳು ಬಿಡಲಿಲ್ಲ.

"ಬಿಡಿಸಬೇಡಿ. ಹಾಗೇ ಬಡಿಸೋಣ."