ರಾಯವ್ವನ ಉಪ್ಪಿನ ಕಂಬ

೧೯೭೪ನೇ ಇಸವಿ ಜುಲೈ ಹದಿನೆಂಟು, ಬೆಳಿಗ್ಗೆ ಹತ್ತೂವರೆ. ದೇವಕ್ಕ ಬೈಲಹೊಂಗಲದ ಕಾಲೇಜಿನ ಪ್ರಯೋಗಶಾಲೆಗೆ ಕಾಲಿಟ್ಟಾಗ ಹೊರಗೆ ಜಿಟಿಜಿಟಿ ಮಳೆ. ಊರಿನ ಕಳವು, ಕೈವಾಡಗಳ ಗಂಟು ಬಿಡಿಸುತ್ತಿದ್ದ ಈ ನಿವೃತ್ತ ವಿಜ್ಞಾನ ಶಿಕ್ಷಕಿಯ ಹಿಂದೆ, ಎಂದಿನಂತೆ, ಬಾಡಿಗೆ ಕಾರಿನ ಹಸನಸಾಬ.

"ತಪ್ಪೊಪ್ಪಿಗೆ ಬರದು ಕೊಡು ಅಂತಾರ್ರಿ ಅಕ್ಕಾರ," ಎಂದಳು ಉಪನ್ಯಾಸಕಿ ರಾಯವ್ವ. "ನಾ ಬರಿಯೂದಿಲ್ಲ. ಬೇಕಾದ್ರ ನೌಕರಿ ಕಸಗೊಳ್ಳಲಿ."

ನೆಲದಾಳದ ಪದರಗಳಲ್ಲಿ ಉಪ್ಪು ಕಂಬದಂತೆ ಎದ್ದು ನಿಂತಲ್ಲಿ ಅದು ಸುತ್ತಲಿನ ಕಲ್ಲುಮಣ್ಣಿಗಿಂತ ಬೇಗ ಕಾವನ್ನು ಮೇಲಕ್ಕೆ ಒಯ್ಯುತ್ತದೆ. ನೆತ್ತಿಯ ಪದರ ಬಿಸಿಯಾಗುತ್ತದೆ, ಬುಡದ್ದು ತಣ್ಣಗಾಗುತ್ತದೆ. ಇದು ಡಾಕ್ಟರೇಟ್‌ಗೆಂದು ರಾಯವ್ವ ಮಾಡಿದ ಸಂಶೋಧನೆ. ತೋರಿಸಲೆಂದು ಮರಳು ತುಂಬಿದ ತಗಡಿನ ತೊಟ್ಟಿಯಲ್ಲಿ ಕಲ್ಲುಪ್ಪಿನ ಕಂಬ ಹೂತು, ಕೆಳಗೆ ಸ್ಟೋವ್ ಹಚ್ಚಿದ್ದಳು. ತಾನೊಬ್ಬಳೇ ಮಾಡಿದಾಗಲೆಲ್ಲ ಕಂಬದ ನೆತ್ತಿ ಪಕ್ಕದ ಮರಳಿಗಿಂತ ಬಿಸಿ. ನಿನ್ನೆ ಧಾರವಾಡದ ಪರೀಕ್ಷಕರ ಎದುರು ಎರಡೂ ಹೆಚ್ಚುಕಡಿಮೆ ಒಂದೇ. ಹಿಂದಿನ ಅಂಕಿಗಳೆಲ್ಲ ಕಟ್ಟುಕತೆ ಎಂದ ಪರೀಕ್ಷಕರು ಇಂದು ಸಂಜೆಯ ಬಸ್ಸಿಗೆ ಹೊರಡುವವರಿದ್ದರು.

ಕೋಣೆಯ ಕೀಲಿ ಅವಳಲ್ಲದೆ ಇನ್ನಿಬ್ಬರ ಬಳಿ ಇತ್ತು: ನಿವೃತ್ತಿಗೆ ಬಂದಿದ್ದ ವಿಜ್ಞಾನ-ಗಣಿತ ವಿಭಾಗದ ಮುಖ್ಯಸ್ಥ ಮಹಾಂತಪ್ಪ, ಅದೇ ವಿಭಾಗದಲ್ಲಿ ಗಣಿತ ಕಲಿಸುವ ಶಂಕ್ರೆಪ್ಪ. ಬಾಗಿಲ ಮೇಲೆ ದೃಷ್ಟಿಗೆಂದು ಮಹಾಂತಪ್ಪ ಕಟ್ಟಿದ್ದ ಪಟಕದ, ಅಂದರೆ ಸ್ಫಟಿಕದ (ಆಲಂ), ಬಿಳಿ ಹರಳು ತೂಗುತ್ತಿತ್ತು.

"ಕಾಲೇಜಿನ್ಯಾಗೂ ಮೂಢನಂಬಿಕಿ," ಎಂದು ಶಂಕ್ರೆಪ್ಪ ನಕ್ಕ. "ನಮ್ಮ ಮನ್ಯಾಗ ನಮ್ಮಪ್ಪನ ಕಾಲದಿಂದ ಇದನ್ನ ಒಳಗ ಬಿಟ್ಟಿಲ್ಲ."

"ನಿಮಗ ಯಾರ ನೆದರು ತಾಗಬೇಕ್ರಿ ಸರ," ಎಂದ ಹಸನಸಾಬ.

ದೇವಕ್ಕ ಮರಳು ಬಗೆದರು. ಬಿಳಿ ಕಂಬದ ಬುಡ ಅರಳಿನಂತೆ ಉಬ್ಬಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಪಕ್ಕದ ಅಧ್ಯಾಪಕರ ಕೋಣೆಗೆ ಹೋಗಿ, ಬೀಗ ಹಾಕಿದ ಒಂದು ಬೀರುವಿನ ಕೆಳಗೆ ಹಸಿಯಾಗಿದ್ದ ನೆಲಕ್ಕೆ ಬೆರಳೊತ್ತಿ ನಾಲಗೆಗೆ ಮುಟ್ಟಿಸಿಕೊಂಡರು. ಹಸನಸಾಬ ಮುಖ ಕಿವುಚಿದ.

"ಎಲ್ಲಾರ್ನೂ ಕರಕೊಂಡ ಬರ್ರಿ," ಎಂದರು. ಪರೀಕ್ಷಕರೂ ಪ್ರಯೋಗಶಾಲೆಗೆ ಬಂದು ಕುಳಿತರು. ದೇವಕ್ಕ ತೊಟ್ಟಿಯಲ್ಲಿದ್ದ ಕಂಬ ತೋರಿಸಿದರು.

"ಇದು ಉಪ್ಪಲ್ಲ, ಪಟಕ. ನೋಡಾಕ ಹಂಗ ಐತಿ, ಆದ್ರ ಕಾವು ಒಯ್ಯೂದಿಲ್ಲ. ಅದಕ್ಕ ನಿನ್ನೆ ನೆತ್ತಿ ಬಿಸಿ ಆಗಲಿಲ್ಲ. ಅಮಾಸಿಗೆ ದೃಷ್ಟಿ ತಗದು ಇದನ್ನ ಕೆಂಡಕ್ಕ ಹಾಕಿದ್ರ ಏನಾಗತೈತಿ ಹಸನಸಾಬ್ರ?"

"ಉಬ್ಬತೈತ್ರಿ. ನಮ್ಮವ್ವನೂ ಹಾಕತಾಳ."

"ಒಳಗಿನ ನೀರು ಕುದ್ದು ಉಬ್ಬತೈತಿ. ಮಹಾಂತಪ್ಪನವರು ಅದನ್ನ ಮನ್ಯಾಗ ಪ್ರತಿ ಅಮಾಸಿಗೆ ನೋಡಿದವರು. ಬೆಂಕಿ ಮ್ಯಾಲ ಪಟಕ ಇಟ್ಟು ಸಿಕ್ಕೊಳ್ಳೂದಿಲ್ಲ. ಒಮ್ಮೆನೂ ನೋಡದವರು ಇಡತಾರ."

"ದೃಷ್ಟಿ ತಗೀದಿದ್ರ ಅದು ಪುರಾವೆ ಏನ್ರಿ?" ಎಂದ ಶಂಕ್ರೆಪ್ಪ.

"ಅಲ್ಲ. ಮಳಿಗಾಲದಾಗ ಉಪ್ಪು ನೀರು ಬಿಡತೈತಿ. ನಿಮ್ಮ ಬೀರುವಿನ ಕೆಳಗಿನ ಹಸಿ ಉಪ್ಪಾಗೇತಿ. ಬೀಗ ತಗೀರಿ."

ಪಕ್ಕದ ಕೋಣೆಯ ಆ ಬೀರುವಿನೊಳಗೆ, ಗೋಣಿತಾಟಿನಲ್ಲಿ ಸುತ್ತಿದ ಉಪ್ಪಿನ ಕಂಬ ಬೆವರುತ್ತಿತ್ತು.

"ಆಕಿಗೆ ಡಾಕ್ಟರೇಟ್ ಸಿಕ್ಕಿದ್ರ ಮುಖ್ಯಸ್ಥೆ ಆಕಿನ ಆಗತಿದ್ಲು, ನಾ ಅಲ್ಲ," ಎಂದ ಶಂಕ್ರೆಪ್ಪ, ಯಾರನ್ನೂ ನೋಡದೆ.

ಪರೀಕ್ಷಕರು ಕೆಮ್ಮಿದರು. "ತಪ್ಪೊಪ್ಪಿಗೆ ಬ್ಯಾಡ ಬಿಡ್ರಿ."

"ಬಿಡೂದಿಲ್ರಿ," ಎಂದಳು ರಾಯವ್ವ. "ಇನ್ನೊಮ್ಮೆ ಅಳೀತೇನಿ. ಅಂಕಿ ನೀವ ಓದ್ರಿ, ಎಲ್ಲಾರಿಗೂ ಕೇಳೂಹಂಗ."

ಅವಳು ಕಂಬ ಒರೆಸಿ ಹೂತಳು, ಸ್ಟೋವ್ ಹಚ್ಚಿದಳು. ಸಂಜೆ ಧಾರವಾಡದ ಬಸ್ಸು ಹಾರ್ನ್ ಹೊಡೆದು ಹೋಯಿತು, ಪರೀಕ್ಷಕರು ಏಳಲಿಲ್ಲ. ಕೊನೆಗೆ ಕನ್ನಡಕ ಸರಿಪಡಿಸಿಕೊಂಡು ತೊಟ್ಟಿಯ ಮೇಲೆ ಬಾಗಿ ಗಟ್ಟಿಯಾಗಿ ಓದಿದರು. ಪಕ್ಕದ ಮರಳು ನಲವತ್ತೆರಡು ಡಿಗ್ರಿ. ಉಪ್ಪಿನ ನೆತ್ತಿ ಐವತ್ತಾರು.