ಕೊನೆಯ ಸಾಲಿನ ಹೂಂ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅವತ್ತು ನನ್ನ ಹೊಸ ದೆವ್ವದ ಕಾದಂಬರಿಯ ಓದು ಇತ್ತು. ಅಧ್ಯಕ್ಷತೆ ದೊಡ್ಡ ವಿಮರ್ಶಕರಾದ ನಮ್ಮ ಭಾವನದು. "ದೆವ್ವದ ಕಥೇನೂ ಸಾಹಿತ್ಯಾನಾ? ನೋಡ್ತಿರು, ಮನೆಯವರು ಬಿಟ್ರೆ ನರಪಿಳ್ಳೇನೂ ಬರಲ್ಲ," ಎಂದು ಮೊದಲೇ ಹೇಳಿದ್ದರು. ಹಾಗೇ ಆಯಿತು. ಮುಂದೆ ಮನೆಯವರು, ಹಿಂದೆಲ್ಲ ಖಾಲಿ ಕುರ್ಚಿಗಳು. ಎದ್ದ ಕೂಡಲೇ ತಾವೇ ಮಡಚಿಕೊಳ್ಳುವ ಸ್ಪ್ರಿಂಗ್ ಕುರ್ಚಿಗಳು.

ಓದತೊಡಗಿದೆ. ಎರಡನೇ ಪುಟಕ್ಕೆ ಕೊನೆಯ ಸಾಲಿನಲ್ಲಿ ಒಂದು ಕುರ್ಚಿ ಕಿರುಗುಟ್ಟಿ ಬಿಚ್ಚಿಕೊಂಡಿತು. ಆಮೇಲೆ ಪಕ್ಕದ್ದು, ಅದರ ಪಕ್ಕದ್ದು. ಪುಸ್ತಕ ಹಿಡಿದ ನನ್ನ ಬೆರಳುಗಳು ಮರಗಟ್ಟುವಷ್ಟು ಚಳಿಯಾಯಿತು. ಉಸಿರೆಳೆದುಕೊಳ್ಳಲು ಓದು ನಿಲ್ಲಿಸಿದಾಗಲೆಲ್ಲ ಅಲ್ಲಿಂದ "ಹೂಂ" ಎಂದು ಕೇಳುತ್ತಿತ್ತು, ಅಜ್ಜಿಯ ಕಥೆಗೆ ನಾವು ಹೂಂಗುಡುತ್ತಿದ್ದ ಹಾಗೆ.

ತೂಕಡಿಸುತ್ತಿದ್ದ ಅತ್ತೆ ಬೆಚ್ಚಿ ತಿರುಗಿದರು. "ಯಾರೇ ಅದು?" ಯಾರೂ ಇರಲಿಲ್ಲ.

ಭಾವ ಮೈಕ್ ಕಸಿದುಕೊಂಡರು. "ಸಾಕಮ್ಮ. ಇಂಥ ಅಗ್ಗದ ಅಭಿರುಚಿಯಿಂದ ಸಾಹಿತ್ಯಕ್ಕೆ..." ಅಷ್ಟರಲ್ಲೇ ಕೊನೆಯ ಸಾಲು ಪೂರ್ತಿ ದಡದಡನೆ ಮಡಚಿಕೊಂಡಿತು, ಜನ ಬೇಸತ್ತು ಎದ್ದು ಹೊರಟ ಹಾಗೆ. ಭಾವನ ಮುಖ ಬಿಳಿಚಿಕೊಂಡಿತು. ಮೈಕನ್ನು ನನ್ನ ಕೈಗೆ ತುರುಕಿ, "ನೀನೇ ಓದಮ್ಮ, ದಮ್ಮಯ್ಯ, ನಿಲ್ಲಿಸ್ಬೇಡ," ಎಂದರು.

ಓದಿದೆ. ಕುರ್ಚಿಗಳು ಒಂದೊಂದಾಗಿ ಮತ್ತೆ ಬಿಚ್ಚಿಕೊಂಡವು. ಹೆದರಿಕೆ ಎಲ್ಲಿ ಹೋಯಿತೋ, ಎದೆಯುಬ್ಬಿಸಿಕೊಂಡು ಕೊನೆಯ ಪುಟದವರೆಗೂ ಓದಿದೆ. ಅಂಥ ಸಭೆ ಭಾವನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ.

ಮೊನ್ನೆ ಆ ಸಭಾಂಗಣ ಗುಡಿಸುವವಳು ಸಿಕ್ಕಿದ್ದಳು. "ಕೊನೇ ಸಾಲು ಇನ್ನೂ ಮಡಚಿಕೊಂಡಿಲ್ಲ ಮೇಡಂ. ಬಡಗಿ ಎತ್ತಿದ್ರೂ ಏಳ್ತಿಲ್ಲ. ಗುಡಿಸೋಕೆ ಹತ್ರ ಹೋದ್ರೆ, 'ಆಮೇಲೆ?' ಅಂತ ಕೇಳುತ್ತೆ."