ಟ್ರೇ ತುಂಬ ಕಪ್ಪು ಆಯಿಲ್

ಕಾರಿನಡಿಯಿಂದ ವೆಂಡಲ್‌ನ ಬೂಟುಗಳಷ್ಟೇ ಕಾಣುತ್ತಿದ್ದವು. ಜಾಕ್ ಕುಸಿದಿತ್ತು. ಪಕ್ಕದ ಟ್ರೇ ತುಂಬ ಕಪ್ಪು ಆಯಿಲ್. ಶನಿವಾರ ಬೆಳಿಗ್ಗೆ ಮನೆಯಲ್ಲೇ ಆಯಿಲ್ ಬದಲಿಸುವ ಗಂಡಸರು ಒಹಾಯೊದ ನಮ್ಮೂರಲ್ಲಿ ಬೇಕಾದಷ್ಟು. ಅಪಘಾತವೆಂದೇ ಎಲ್ಲರೂ ಅಂದುಕೊಂಡರು — ಡಾಕ್ಟರೊಬ್ಬರನ್ನು ಬಿಟ್ಟು. ಕಾರು ಬೀಳುವ ಮೊದಲೇ ತಲೆಯ ಹಿಂದೆ ಏಟು ಬಿದ್ದು ಅವನು ಸತ್ತಿದ್ದ.

ಹೊಡೆದವರು ಯಾರು? ಮನೆಯಲ್ಲಿದ್ದವರು ಇಬ್ಬರೇ — ಹೆಂಡತಿ ಲೋರ್ನಾ, ತಮ್ಮ ರಾಯ್ಸ್.

ಪೊಲೀಸ್ ಪತ್ತೇದಾರಿಣಿ ಆರ್ಡಿತ್ ಜೊತೆ ಠಾಣೆಯಿಂದ ನಾನೂ ಬಂದಿದ್ದೆ. ಒಂಬತ್ತು ಗಂಟೆಗೆ ಅಣ್ಣ ಇಂಜಿನ್ ಅಡಿಯ ನಟ್ ಬಿಚ್ಚಿದ, ಆಯಿಲ್ ಪೂರ್ತಿ ಇಳಿಯುವವರೆಗೆ ತಾನು ನಿಂತು ನೋಡಿದೆ, ಆಮೇಲೆ ಡೋನಟ್ ತರಲು ಹೋದೆ ಎಂದ ರಾಯ್ಸ್.

"ನಾನು ಹೋದಾಗ ಬದುಕಿದ್ದ. ಮನೇಲಿದ್ದವಳು ಇವಳೊಬ್ಳೇ."

ಲೋರ್ನಾ ತುಟಿ ಬಿಚ್ಚಲಿಲ್ಲ. ಮಣಿಕಟ್ಟಿನ ಮೇಲೆ ಹಳೆಯ ನೀಲಿ ಗುರುತು. ಬೀರುವಿನ ಹಿಂದೆ ಅವಳ ಬಟ್ಟೆ ತುಂಬಿಟ್ಟ ಸೂಟ್‌ಕೇಸ್ ಸಿಕ್ಕಿತು. ಕೋಳ ಹಾಕಲು ಅಷ್ಟು ಸಾಕೆಂದರು ನಮ್ಮ ಪೊಲೀಸರು. ಏನು ಹೇಳಿದರೂ ತನ್ನ ಮೇಲೇ ಬರುತ್ತದೆಂದು ವರ್ಷಗಟ್ಟಲೆ ಕಲಿತವಳ ಮೌನ ಅದು. ನನಗೆ ಅದರ ಪರಿಚಯವಿತ್ತು.

ಆರ್ಡಿತ್ ಬಾನೆಟ್ ಎತ್ತಿ ಏನನ್ನೋ ನೋಡಿದಳು. ಲೋರ್ನಾಳನ್ನು ಅಡುಗೆಮನೆಗೆ ಕರೆದಳು.

"ಈ ಕಾರಿನ ಆಯಿಲ್ ಬದಲಿಸಿದ್ದು ಯಾರು?"

ಲೋರ್ನಾ ಅಡುಗೆಮನೆಯ ಬಾಗಿಲು ಮುಚ್ಚಿದಳು.

"ನಾನೇ. ನಿನ್ನೆ, ಅವನು ಡ್ಯೂಟಿಗೆ ಹೋದಾಗ."

"ಕಲಿಸಿದ್ದು?"

"ಹನ್ನೊಂದು ವರ್ಷ ಅವನಿಗೆ ಟಾರ್ಚ್ ಹಿಡಿದಿದ್ದೀನಿ. ಕೈ ನಡುಗಿದ್ರೆ ಬೈಗುಳ. ಕಣ್ಣು ನೋಡ್ತಾನೇ ಇತ್ತಲ್ಲ."

ಆಮೇಲೆ ಎಲ್ಲ ಹೇಳಿದಳು. ಬರೀ ಜಾಕ್ ನಂಬದೆ ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಕ್ಕೆ ಅಡ್ಡಗಟ್ಟೆ ಇಟ್ಟಿದ್ದಳು. ಇಂಜಿನ್ ಸ್ವಲ್ಪ ಬಿಸಿ ಮಾಡಿ ಹಳೆಯದನ್ನು ಇಳಿಸಿದ್ದಳು. ಹೊಸ ಫಿಲ್ಟರಿನ ರಬ್ಬರಿಗೆ ಆಯಿಲ್ ಸವರಿ ಕೈಯಿಂದಲೇ ಬಿಗಿಮಾಡಿ, ಅದರ ಮೇಲೆ ತಾರೀಖು ಬರೆದು, ಹೊಸ ಆಯಿಲ್ ತುಂಬಿದ್ದಳು. ಕಾರು ಕೆಳಗಿಳಿಸಿ, ಚೆಲ್ಲದೆ ಅಂಗಡಿಗೆ ಮರಳಿಸಬೇಕಾದ ಹಳೆ ಆಯಿಲ್ ಗಂಡನಿಗೆ ಕಾಣದಿರಲೆಂದು ಟ್ರೇ ಸಮೇತ ಅದರಡಿಗೆ ತಳ್ಳಿದ್ದಳು. ಅವಳು ಓಡಿಹೋಗಬೇಕೆಂದಿದ್ದ ಅಕ್ಕನ ಮನೆ ದೂರದ ಮೊಂಟಾನಾದಲ್ಲಿ. ದಾರಿಯಲ್ಲಿ ಕಾರು ನಿಂತರೆ ಅವನ ಕೈಗೇ ಮತ್ತೆ ಸಿಕ್ಕಿಬೀಳುತ್ತಿದ್ದಳು.

ಆರ್ಡಿತ್ ಹಾಲಿಗೆ ಬಂದಳು.

"ರಾಯ್ಸ್, ಇಳಿದುಹೋದ ಆಯಿಲ್ ತಾನಾಗೇ ಇಂಜಿನ್ ಹತ್ತುತ್ತಾ?"

"ಅಂದ್ರೆ?"

"ಎಲ್ರೂ ಕಾರಿನಡಿ ನೋಡಿದ್ರು. ಬಾನೆಟ್ ಎತ್ತಿ ಅಳತೆ ಕಡ್ಡಿ ಯಾರೂ ತೆಗೀಲಿಲ್ಲ. ಇಂಜಿನ್ ತುಂಬ ಜೇನಿನ ಬಣ್ಣದ ಹೊಸ ಆಯಿಲ್ ಇದೆ. ನೀನು ನಿಂತು ನೋಡ್ದೆ ಅಂದದ್ದು ಇವತ್ತು ನಡೆದೇ ಇಲ್ಲ. ಹೊಡೆದಮೇಲೆ ಕಾರಿನಡಿ ತುಂಬಿದ ಟ್ರೇ ಕಂಡಿತು. ಅಣ್ಣನೇ ಇಳಿಸಿದಾನೆ ಅಂದ್ಕೊಂಡೆ. ಕಾರು ಎತ್ತಿ, ಅವನನ್ನ ಅಡಿಗೆ ತಳ್ಳಿ, ಜಾಕ್ ಬಿಟ್ಟೆ. ಆ ಹೊಸ ಆಯಿಲ್ ತುಂಬಿದ ಲೋರ್ನಾನೇ ಕೊಂದಿದ್ರೆ ಈ ತಪ್ಪು ಮಾಡ್ತಿರಲಿಲ್ಲ. ಕೊಂದವನು ನೀನು."

ರಾಯ್ಸ್ ಒಪ್ಪಿಕೊಂಡ. ಕಳೆದ ಚಳಿಗಾಲದಲ್ಲಿ ಸೈಕಲ್ ಮೇಲಿದ್ದ ಹುಡುಗಿಯೊಬ್ಬಳಿಗೆ ಗುದ್ದಿ ಓಡಿಹೋದ ಟ್ರಕ್ ತನ್ನದೆಂದ. ಸೋಮವಾರ ಪೊಲೀಸರಿಗೆ ಹೇಳುತ್ತೇನೆಂದು ಅಣ್ಣ ಹಟ ಹಿಡಿದಿದ್ದನಂತೆ.

ಕಾರು ಸಾಕ್ಷಿ, ಸದ್ಯಕ್ಕೆ ಬಿಡಲಾಗದು ಎಂದು ಆರ್ಡಿತ್ ಲೋರ್ನಾಗೆ ಹೇಳಿದಳು.

"ಇರಲಿ ಬಿಡಿ. ಇನ್ನು ಯಾರಿಂದ ಓಡಿಹೋಗಬೇಕು?"

ಆಗ ಅತ್ತಳು. ಯಾರಿಗಾಗಿ ಎಂದು ನಾವಿಬ್ಬರೂ ಕೇಳಲಿಲ್ಲ.